ಹೆಸರು ಹೇಳಿ ಹೋಗ್ರಿ

ನವೆಂಬರ್ 11, ಮಂಗಳವಾರ

ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದರೆ ಮೆಟ್ಟಿಲ ಮೇಲೆ ವಾಂತಿ. ಅದರ ಪಕ್ಕದಲ್ಲಿ ಒಂದು ಕಾಲಿನ ಚಪ್ಪಲಿ. ಆ ಪುಣ್ಯಾತ್ಮ ಇನ್ನೊಂದು ಕಾಲಿನದನ್ನು ಮೆಟ್ಟಿಕೊಂಡು ಮನೆ ಮುಟ್ಟಿದನೋ ಗಟಾರಕ್ಕೆ ಬಿದ್ದನೋ, ಯಾರಿಗೆ ಬೇಕು. ನಳ ಬರುವುದೇ ಅಪರೂಪವಾದ ಊರಿನಲ್ಲಿ ಕೊಡಗಟ್ಟಲೆ ನೀರನ್ನು ಕಂಡವರ ಹೊಟ್ಟೆಯ ಹೊಲಸಿಗೆ ಸುರಿದೆ. ಚಹಾಕ್ಕೆ ನೀರೇ ಉಳಿಯಲಿಲ್ಲ.

ಈ ಡೈರಿ ವಿಮೆ ಏಜೆಂಟ ಪುಕ್ಕಟೆ ಕೊಟ್ಟದ್ದು. ಬ್ಲೌಸಿನ ಅಳತೆ ಬರೆದುಕೊಳ್ಳಲು ಎತ್ತಿಟ್ಟಿದ್ದೆ. ಅಳತೆ ಕೊಡುವವರೇ ಬರುವುದಿಲ್ಲ, ಇನ್ನು ನನ್ನ ಸಿಟ್ಟನ್ನಾದರೂ ಬರೆಯೋಣ.

ಒಂದು ಕಾಲಕ್ಕೆ ಬಸವಕಲ್ಯಾಣದ ಈ ಭಾಜಿ ಮಂಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊಹಿನೂರಿನ ಹೆಂಗಸರು ಮೆಂತ್ಯದ ಸೂಡು ಮಾರಿ, ಅದೇ ಕೈಯಲ್ಲಿ ನನ್ನ ಹತ್ತಿರ ಕುಪ್ಪಸ ಹೊಲಿಯಲು ಹಾಕಿ ಹೋಗುತ್ತಿದ್ದರು. ಭಾಜಿಯವರನ್ನು ಹೈವೇ ಕಡೆಯ ಹೊಸ ಜಾಗಕ್ಕೆ ಒಯ್ದರು. ಅವರ ಹಿಂದೆ ಬಟ್ಟೆ ಅಂಗಡಿ ಹೋಯಿತು, ಬಟ್ಟೆ ಅಂಗಡಿಯ ಹಿಂದೆ ಹೋಟೆಲು. ಉಳಿದದ್ದು ತಗಡಿನ ಚಪ್ಪರದ ಕೆಳಗೆ ಖಾಲಿ ಕಟ್ಟೆಗಳು, ದೀಪವಿಲ್ಲದ ಕಂಬಗಳು, ಆ ಕಟ್ಟೆಗಳ ಮೇಲೆ ಸಂಜೆಯಾಗುತ್ತಲೇ ಕೂರುವ ಕುಡುಕರು. ಎದುರಿಗೆ ವಜೀರಬಿ ಆಪಾ. ಬಳೆ ಅಂಗಡಿ ಮುಚ್ಚಿ ಒಳಗೆ ಕೂತುಬಿಟ್ಟಿದ್ದಾಳೆ. ಮೂಲೆಯಲ್ಲಿ ಸೋನುಬಾಯಿ, ಅವಳದೂ ಬಾಗಿಲು ಮುಂದಕ್ಕೆ.

ಮಗಳು ವಿಶಾಖಾ ಹುಮನಾಬಾದಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಬಸ್ಸು ಇಳಿಯುವಾಗ ಕತ್ತಲು. ದೊಡ್ಡ ರಸ್ತೆಯಿಂದ ಮನೆಗೆ ಬರಲು ಈ ಮಂಡಿಯನ್ನು ದಾಟಲೇಬೇಕು. ದಿನಾ ಸಂಜೆ ನಾನು ಚೀಲದಲ್ಲಿ ದೊಡ್ಡ ಕತ್ತರಿ ಇಟ್ಟುಕೊಂಡು ರಸ್ತೆಯ ತುದಿಗೆ ಹೋಗಿ ನಿಲ್ಲುತ್ತೇನೆ. ಸ್ವಂತ ಓಣಿಯಲ್ಲಿ ಕತ್ತರಿ ಹಿಡಿದು ಓಡಾಡುವ ಬಾಳು. ಥೂ.

ನವೆಂಬರ್ 14, ಶುಕ್ರವಾರ

ನಿನ್ನೆ ಬಸ್ಸು ಬೇಗ ಬಂತಂತೆ. ನಾನು ಹೋಗುವಷ್ಟರಲ್ಲಿ ವಿಶಾಖಾ ಒಬ್ಬಳೇ ಮಂಡಿ ದಾಟಿ ಬಂದಿದ್ದಳು. ಏನೂ ಆಗಿಲ್ಲ ಎಂದಳು. ಇವತ್ತು ಅವಳ ಓಢಣಿ ಒಗೆಯಲು ತೆಗೆದರೆ ಅಂಚು ಹರಿದಿದೆ.

"ಇದೇನು?"

"ಬಸ್ಸಿನ ಮೊಳಿಗಿ ಸಿಕ್ಕಿತ್ತು ಅವ್ವಾ."

ಇಷ್ಟು ವರ್ಷ ಬಟ್ಟೆಯ ಜೊತೆ ಬಾಳಿದ್ದೇನೆ. ಮೊಳೆಗೆ ಸಿಕ್ಕ ಬಟ್ಟೆ ಒಂದು ಕಡೆ ಸೀಳುತ್ತದೆ. ಇದು ಎರಡು ಕೈ ಎಳೆದಾಡಿದ ಬಟ್ಟೆ, ನೂಲೆಲ್ಲ ಹಿಂಜಿಹೋಗಿದೆ. ಅದನ್ನೇ ಹೇಳಿದೆ. ಆಗ ಅತ್ತಳು. ಮೂವರಂತೆ, ಕತ್ತಲಲ್ಲಿ ಮುಖ ಕಾಣಲಿಲ್ಲವಂತೆ, ನಗುತ್ತಿದ್ದರಂತೆ.

ನಮ್ಮ ವಾರ್ಡಿನ ಮೆಂಬರ್ ದೇವಿದಾಸನ ಮನೆಗೆ ಹೋದೆ. ಬಾಯಿ ತುಂಬ ಗುಟಕಾ, ಗೋಡೆಯ ತುಂಬ ಹಾರ ಹಾಕಿದ ಫೋಟೋ.

"ಅಕ್ಕಾ, ಯಾರ್ ಅಂತ ಹೆಸರು ಹೇಳ್ರಿ, ಈಗೇ ಎಳಕೊಂಡ್ ಬರ್ತೀನಿ. ಹೆಸರಿಲ್ಲ ಅಂದ್ರ ನಾ ಯಾರನ್ ಹಿಡೀಲಿ?"

"ದೀಪ ಹಾಕ್ಸು, ಮಾರಿ ನೋಡಿ ಹೆಸರು ಹೇಳ್ತೀನಿ."

"ದೀಪದ್ದು ಮ್ಯಾಲ್ ಕಳ್ಸೀವ್ರಿ. ಜರಾ ಸಬರ್ ಮಾಡ್ರಿ."

ಎರಡು ವರ್ಷದಿಂದ ಸಬರ್ ಮಾಡುತ್ತಿದ್ದೇನೆ. ಮನೆಗೆ ಬಂದು ವಿಶಾಖಾಳಿಗೆ ಕೆಲಸ ಬಿಡು ಎಂದೆ. ತಟ್ಟೆ ದೂಡಿ ಎದ್ದುಹೋದಳು.

ನವೆಂಬರ್ 22, ಶನಿವಾರ

ಇಷ್ಟು ದಿನ ಕುಡುಕರಿದ್ದರು, ಈಗ ಕುರಿಗಳು ಬಂದಿವೆ! ಮಂಡಿಯ ತುಂಬ ಕುರಿ. ಬಲೆ ಕಟ್ಟಿ ತರುಬಿದ್ದಾರೆ. ಹಿಕ್ಕೆ, ಉಚ್ಚೆ, ಉಣ್ಣೆಯ ವಾಸನೆ, ಮೇಲೆ ಕರುವಿನೆತ್ತರದ ಎರಡು ನಾಯಿ. ಕೆಟ್ಟಮೇಲೆ ಬುದ್ಧಿ ಬರುತ್ತದೆ ಎನ್ನುತ್ತಾರೆ, ಈ ಊರಿಗೆ ಕೆಟ್ಟಮೇಲೆ ಕುರಿ ಬಂತು.

ಕುರಿಯವರು ಕೊಹಿನೂರಿನ ಕಲ್ಲಿನಾಥ, ಅವನ ಹೆಂಡತಿ ಧೂಳಮ್ಮ. ಕಿಲ್ಲೆಯ ಹಿಂದಿನ ಹೊಲದಲ್ಲಿ ಪ್ರತಿ ವರ್ಷ ಗೊಬ್ಬರಕ್ಕೆಂದು ಕುರಿ ಕೂರಿಸುತ್ತಿದ್ದರಂತೆ. ಈ ಸಲ ಬಂದು ನೋಡಿದರೆ ಹೊಲವೆಲ್ಲ ಪ್ಲಾಟು, ಸುತ್ತ ತಂತಿ. ಮುಂದಿನ ಹೊಲ ಖಾಲಿಯಾಗುವ ತನಕ ಇಲ್ಲಿ ಇರುತ್ತಾರಂತೆ. ಇವರಿಗೆ ಅಪ್ಪಣೆ ಕೊಟ್ಟವರು ಯಾರೆಂದು ಕೇಳಿದರೆ ಕಲ್ಲಿನಾಥ ಆಕಾಶ ನೋಡಿದ.

ಸಂಜೆ ವಿಶಾಖಾಳನ್ನು ಕರೆತರಲು ಹೊರಟೆ. ಕಟ್ಟೆಯ ಹತ್ತಿರ ಬೆಂಕಿ ಹಾಕಿಕೊಂಡು ಕೂತಿದ್ದ ಧೂಳಮ್ಮ ಕೂಗಿದಳು.

"ಯಾರದು?"

ನಾನು ಸುಮ್ಮನೆ ನಡೆದೆ. ನಾಯಿ ಎದ್ದು ನಿಂತಿತು.

"ಯಾರದು? ಹೆಸರು ಹೇಳಿ ಹೋಗ್ರಿ."

"ನನ್ನ ಓಣ್ಯಾಗ ನನ್ನ ಹೆಸರು ನಿನಗ್ಯಾಕ ಹೇಳ್ಲಿ?"

"ಕುರಿ ಕುಂತಲ್ಲಿ ಹೆಸರು ಹೇಳಿ ಹಾಯೋದು ನಮ್ಮ ರೂಢಿ ಅದ್ರಿ, ಅವ್ವಾ. ಕಳ್ಳ ಆದ್ರ ಹೇಳಲ್ಲ. ಮನಿಯವ್ರು ಆದ್ರ ಹೇಳಾಕ ಏನು?"

ಹೇಳಲಿಲ್ಲ. ಕತ್ತರಿಯ ಚೀಲ ಎದೆಗೊತ್ತಿಕೊಂಡು ದಾಟಿದೆ. ಹುಟ್ಟಿದ ಮೇಲೆ ಇಂಥ ಅವಮಾನ ಕಂಡಿರಲಿಲ್ಲ.

ನವೆಂಬರ್ 25, ಮಂಗಳವಾರ

ಒಂದು ಲಂಗ ಅವಸರದಲ್ಲಿ ಮುಗಿಸಬೇಕಿತ್ತು. ಮಷೀನು ತುಳಿಯುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ. ಗಡಬಡಿಸಿ ಎದ್ದು ಹೊರಗೆ ಬರುವಷ್ಟರಲ್ಲಿ ಆ ಕಡೆಯಿಂದ ದನಿ ಕೇಳಿತು.

"ಯಾರದು?"

"ನಾನ್ರಿ, ವಿಶಾಖಾ! ಟೈಲರ್ ಜಿಜಾಬಾಯಿ ಮಗಳು!"

ಮಂಡಿಯೆಲ್ಲ ಕೇಳುವ ಹಾಗೆ. ಮನೆಗೆ ಬಂದವಳನ್ನು ಬೈದೆ. ಹೆಣ್ಣುಮಗಳ ಹೆಸರು ಸಂತೆಯಲ್ಲಿ ಒದರುವ ವಸ್ತುವೇ? ಅವಳು ನಗುತ್ತಾ, "ದಿನಾ ಹೇಳ್ತೀನಿ ಅವ್ವಾ, ನೀ ಮುಂದ ಮುಂದ ನಡೀತಿ, ನಿನಗ ಕೇಳ್ಸಲ್ಲ" ಎಂದಳು. ಊಟ ಹೊಟ್ಟೆ ತುಂಬ ಮಾಡಿದಳು.

ಮೆಟ್ಟಿಲು ಈಗೀಗ ಬೆಳಿಗ್ಗೆ ಒಣಗಿರುತ್ತದೆ. ದಾರು ಅಂಗಡಿಗೆ ಏನೋ ರಜೆ ಇರಬೇಕು. ಆದರೆ ಹಿಕ್ಕೆಯ ವಾಸನೆ ಅನ್ನದೊಳಗೂ ಸೇರಿದೆ.

ನವೆಂಬರ್ 30, ಭಾನುವಾರ

ಸಾಕು. ಸಾಕೇ ಸಾಕು.

ಸಿಮ್ರಾನ್ ಎಂಬ ಹುಡುಗಿ ತಾಯಿಯ ಜೊತೆ ಮದುವೆಯ ಬಟ್ಟೆ ಹೊಲಿಸಲು ಬಂದಳು. ಎಷ್ಟು ದಿನದ ಮೇಲೆ ಬಂದ ದೊಡ್ಡ ಕೆಲಸ! ಅಂಗಡಿಯ ಮುಂದೆಯೇ ಹುಡುಗಿ ಹಿಕ್ಕೆಯ ಮೇಲೆ ಜಾರಿ ಕೂತಳು. ತಾಯಿ ಮೂಗು ಮುಚ್ಚಿಕೊಂಡು, "ಇಲ್ಲಿ ಮನಷ್ಯಾರು ಇರ್ತಾರೇನ್ರಿ?" ಎಂದಳು. ಬಿಚ್ಚಿದ್ದ ಬಟ್ಟೆಯ ಗಂಟು ಮತ್ತೆ ಕಟ್ಟಿಕೊಂಡು ಹೋದರು.

ಅದೇ ಸಿಟ್ಟಿನಲ್ಲಿ ದೇವಿದಾಸನ ಮನೆಗೆ ಹೋದೆ. ಕುರಿಯವರನ್ನು ಎಬ್ಬಿಸದಿದ್ದರೆ ಹಿಕ್ಕೆ ಬುಟ್ಟಿ ತುಂಬಿ ತಂದು ನಿನ್ನ ಬಾಗಿಲಿಗೆ ಸುರಿಯುತ್ತೇನೆ ಎಂದೆ. ಅವನಿಗೆ ಖುಷಿಯೇ ಆಯಿತು.

"ಇದು ಆಗೋ ಕೆಲಸ ಅದ ನೋಡ್ರಿ ಅಕ್ಕಾ. ನಾಳಿಗೇ ಖಾಲಿ ಮಾಡ್ಸ್ತೀನಿ."

ದೀಪಕ್ಕೆ ಎರಡು ವರ್ಷ, ಬಡವರನ್ನು ಎಬ್ಬಿಸಲು ಒಂದು ರಾತ್ರಿ. ದೇವಿದಾಸನ ಜಾತಕವೇ ಹಾಗೆ. ನನಗೇನು, ವಾಸನೆ ಹೋದರೆ ಸಾಕು.

ಡಿಸೆಂಬರ್ 1, ಸೋಮವಾರ

ಎಬ್ಬಿಸಿದರು. ಜೀಪಿನಲ್ಲಿ ನಾಲ್ಕು ಮಂದಿ ಬಂದು ಬಲೆ ಕಿತ್ತರು. ಕಲ್ಲಿನಾಥ ಕತ್ತೆಯ ಮೇಲೆ ಹಾಸಿಗೆ ಗಂಟು ಹೇರಿದ. ಧೂಳಮ್ಮ ನನ್ನ ಬಾಗಿಲಿಗೆ ಬಂದು ಕುಡಿಯಲು ನೀರು ಕೇಳಿದಳು. ಕೊಟ್ಟೆ. ನಿಂತೇ ಕುಡಿದಳು.

"ನಿಮ್ಮ ಮಗಳು ಚಲೋ ಹುಡುಗಿ ಅದಾಳ್ರಿ. ಗಟ್ಟಿ ದನೀಲಿ ಹೆಸರು ಹೇಳ್ತಾಳ."

ನಾನು ಖಾಲಿ ಚೊಂಬು ಇಸಿದುಕೊಂಡೆ. ಹೋದಮೇಲೆ ಅಂಗಳವೆಲ್ಲ ಗುಡಿಸಿ ಫಿನೈಲ್ ಹಾಕಿ ತೊಳೆದೆ. ಎಂಥ ಸ್ವಚ್ಛ ಕಾಣುತ್ತದೆ!

ಡಿಸೆಂಬರ್ 3, ಬುಧವಾರ

ಮೆಟ್ಟಿಲ ಮೇಲೆ ಬಾಟಲಿ ಒಡೆದಿದ್ದಾರೆ. ಫಿನೈಲ್ ಹಾಕಿದ ಜಾಗದಲ್ಲಿಯೇ ಉಚ್ಚೆ ಹೊಯ್ದಿದ್ದಾರೆ. ದಾರು ಅಂಗಡಿಯ ರಜೆ ಮುಗಿಯಿತೆಂದು ಕಾಣುತ್ತದೆ.

ಡಿಸೆಂಬರ್ 5, ಶುಕ್ರವಾರ

ನಾನು ಜೊತೆಗಿದ್ದೆ. ಜೊತೆಗಿದ್ದಾಗಲೇ. ಹಿಂದಿನಿಂದ ಬಂದವನು ವಿಶಾಖಾಳನ್ನು ದೂಡಿ ಕೈಯಲ್ಲಿನ ಫೋನು ಕಿತ್ತುಕೊಂಡು ಓಡಿದ. ಕಟ್ಟೆಯ ಮೇಲಿನವರು ಸಿಳ್ಳೆ ಹಾಕಿದರು. ಅವಳ ಅಂಗೈ ಕಿತ್ತು ರಕ್ತ. ಕತ್ತರಿ ಚೀಲದಿಂದ ಹೊರಗೇ ಬರಲಿಲ್ಲ.

ಬರೆಯಲು ಮನಸ್ಸಿಲ್ಲ.

ಡಿಸೆಂಬರ್ 9, ಮಂಗಳವಾರ

ವಿಶಾಖಾ ಹುಮನಾಬಾದಿನಲ್ಲಿ ಕೋಣೆ ಹಿಡಿಯುತ್ತಾಳಂತೆ. ಜೊತೆಯ ಹುಡುಗಿ ಧನಶ್ರೀ ಇರುವ ಕಟ್ಟಡದಲ್ಲಿ ಹೊಸ ವರ್ಷಕ್ಕೆ ಒಂದು ಖಾಲಿಯಾಗುತ್ತದೆ.

"ಕೆಲಸ ಬಿಡು, ಮನ್ಯಾಗ ಇರು ಅಂದ್ರ ಒಲ್ಲಿ. ಕೋಣಿ ಹಿಡೀತಿ?"

"ಕೆಲಸ ನಾ ಯಾಕ ಬಿಡ್ಲಿ ಅವ್ವಾ? ತಪ್ಪು ಮಾಡ್ದವ್ರು ಕಟ್ಟಿ ಮ್ಯಾಲ್ ಆರಾಮ ಕುಂತಾರ. ನಾ ಮನ್ಯಾಗ ಕೂಡ್ಲೇನು?"

ಇಷ್ಟು ವರ್ಷ ಇಬ್ಬರೇ ಇದ್ದೇವೆ. ಅವಳ ಅಪ್ಪ ಸತ್ತ ದಿನವೂ ನಾನು ಅವಳ ಫ್ರಾಕಿಗೆ ಗುಂಡಿ ಹಚ್ಚಿದ್ದೆ. ಅವಳಿಲ್ಲದ ಮನೆಯಲ್ಲಿ ಈ ಕುಡುಕರ ವಾಂತಿ ತೊಳೆಯುತ್ತಾ ಕೂರುವುದನ್ನು ನೆನೆಯುತ್ತಾ, ಹೊಲಿದ ತೋಳನ್ನೇ ಮತ್ತೊಮ್ಮೆ ಹೊಲಿದೆ.

ವಜೀರಬಿ ಆಪಾ ಸಂಜೆ ಕಿಟಕಿಯಿಂದಲೇ ಮಾತಾಡಿದಳು. "ಕುರಿಯವ್ರು ಇದ್ದಾಗ ಎಷ್ಟ್ ಸುಕೂನ್ ಇತ್ತು ಜಿಜಾ. ಅಕಿ ಯಾರದು ಅಂತ ಕೇಳಿದ್ದೇ ತಡ, ಆ ಪೋರಗೋಳು ಪೂರಾ ಗಾಯಬ್. ಹೆಸರು ಹೇಳಾಕ ನಾಚ್ಕಿ ಬರ್ತಿತ್ತು ಅವ್ಕ. ಯಾರು ಎಬ್ಬಿಸಿದ್ರೋ, ಅವ್ರ ಕೈ ಸೆಟದು ಹೋಗ್ಲಿ."

ನಾನು ಹೂಂ ಎಂದೆ.

ಬಲಗೈ ಯಾಕೋ ಹಿಡಿದುಕೊಂಡಿದೆ. ಚಳಿಗೆ ಇರಬೇಕು.

ಡಿಸೆಂಬರ್ 19, ಶುಕ್ರವಾರ, ಎಳ್ಳಮವಾಸೆ

ಊರಿಗೆ ಊರೇ ಹೊಲಕ್ಕೆ ಹೋಗಿತ್ತು. ನಾನು ಕೊಹಿನೂರಿಗೆ ಪಂಡರಿ ಅಣ್ಣನ ಹೊಲಕ್ಕೆ ಹೋದೆ. ಸಜ್ಜೆ ರೊಟ್ಟಿ, ಕಾಳು ಸೊಪ್ಪು ಬೇಯಿಸಿದ ಭಜ್ಜಿ, ಅಂಬಲಿ ಎಲ್ಲ ಇತ್ತು, ರುಚಿ ಮಾತ್ರ ಹತ್ತಲಿಲ್ಲ. ಆಚೆಯ ಹೊಲದಲ್ಲಿ ಕುರಿ ಕಂಡವು. ಡಬ್ಬಿಯಲ್ಲಿ ಭಜ್ಜಿ ಹಾಕಿಕೊಂಡು ಬದುವಿನ ಮೇಲೆ ನಡೆದೆ.

ಹಗಲು, ನೆತ್ತಿಯ ಮೇಲೆ ಸೂರ್ಯ, ನನ್ನ ಮುಖ ಅಂಗೈಯಷ್ಟು ಹತ್ತಿರ. ಆದರೂ ಧೂಳಮ್ಮ ಕೇಳಿದಳು.

"ಯಾರದು?"

"ನಾನು."

"ನಾನು ಅಂದ್ರ ಯಾರ್ರಿ?"

ಎಂಥ ಮೊಂಡು ಹೆಂಗಸು! ನಾಯಿ ಬೇರೆ ಕಿವಿ ನೆಟ್ಟಗೆ ಮಾಡಿತ್ತು. "ಜಿಜಾಬಾಯಿ. ಭಾಜಿ ಮಂಡಿ ಟೈಲರ್" ಎಂದೆ. ಹೇಳಿದ ಮೇಲೆ ನಾಯಿ ಮಲಗಿತು.

ಮತ್ತೆ ಮಂಡಿಗೆ ಬರ್ರಿ, ನಾನೇ ನಿಂತು ಜಾಗ ಕೊಡಿಸುತ್ತೇನೆ ಎಂದೆ. ಕಲ್ಲಿನಾಥ ಬೀಡಿ ಆರಿಸಿದ.

"ದೇವಿದಾಸನ ಮನಿ ಕಡಿ ನೀರಿಗಿ ಹೋಗಿದ್ದೆ ಅವತ್ತು. ನಿಮ್ಮ ಅವಾಜ್ ರಸ್ತಾ ತನಕ ಕೇಳ್ಸ್ತಿತ್ರಿ, ಅಕ್ಕೋರೇ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಾಗಾದರೆ ನನ್ನ ಕೈಯಿಂದ ನೀರು ಕುಡಿಯುವಾಗ ಧೂಳಮ್ಮನಿಗೆ ಎಲ್ಲ ಗೊತ್ತಿತ್ತು.

"ಒಮ್ಮಿ ಎಬ್ಬಿಸಿದ ಜಾಗಕ್ಕ ನಾವ್ ತಿರುಗಿ ಹೋಗಲ್ರಿ," ಎಂದಳು ಅವಳು. "ನಾಳಿಗಿ ಕೊಡಂಬಲದ ಕಡಿ ನಡ್ದೀವಿ." ಆಮೇಲೆ ಡಬ್ಬಿ ಬಿಚ್ಚಿ ಭಜ್ಜಿಯನ್ನು ಬೆರಳಿನಿಂದ ತೆಗೆದು ತಿಂದಳು. "ಚಲೋ ಆಗ್ಯಾದ. ಉಪ್ಪು ಜರಾ ಕಮ್ಮಿ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಕುರಿಯವರ ಸೊಕ್ಕು ನೋಡು. ಉಪ್ಪು ಕಮ್ಮಿಯಂತೆ!

ಡಿಸೆಂಬರ್ 21, ಭಾನುವಾರ

ಒಳಗೆ ಸೆಖೆ ಎಂದು ಮಷೀನನ್ನು ಮೆಟ್ಟಿಲಿಗೆ ತಂದೆ. (ಡಿಸೆಂಬರಿನಲ್ಲಿ ಸೆಖೆಯೇ ಎಂದು ವಿಶಾಖಾ ಕೇಳಿದಳು. ಅವಳಿಗೇನು ಗೊತ್ತು.) ವಾಯರು ಎಳೆದು ಬಾಗಿಲಿಗೆ ಒಂದು ಬಲ್ಬು ಕಟ್ಟಿದೆ. ಸೊಳ್ಳೆ, ಗಟಾರದ ನಾತ, ಎದುರಿನ ಗೋಡೆಯ ಮೇಲೆ ಗುಟಕಾದ ಕೆಂಪು. ಇದನ್ನೆಲ್ಲ ನೋಡುತ್ತಾ ಹೊಲಿಯುವುದೆಂದರೆ ನರಕ.

ಕತ್ತಲಾಯಿತು. ಮೂರು ನೆರಳು ಕಟ್ಟೆಯ ಕಡೆ ಹೊರಟವು. ಬಾಟಲಿಯ ಸದ್ದು. ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು.

"ಯಾರದು?"

ನಿಂತರು.

"ಕಿವಿ ಇಲ್ಲೇನು? ಯಾರದು? ಹೆಸರು ಹೇಳಿ ಹೋಗ್ರಿ!"

ಇಬ್ಬರು ಬಂದ ದಾರಿಯಲ್ಲಿಯೇ ಸರಿದುಹೋದರು. ಮೂರನೆಯವನು ಏನೂ ತೋಚದೆ ಅಲ್ಲಿಯೇ ಉಳಿದ.

"ನಾನ್ರಿ ಕಾಕಿ... ಧರ್ಮೇಂದ್ರ."

"ಯಾವ ಧರ್ಮೇಂದ್ರ? ಯಾರ ಮಗ?"

"ಸೋನುಬಾಯಿ ಮಗ."

ಮೂಲೆಮನೆ ಸೋನುಬಾಯಿಯ ಮಗ! ನಾನೇ ಅವನಿಗೆ ಶಾಲೆಯ ಚಡ್ಡಿ ಹೊಲಿದುಕೊಟ್ಟಿದ್ದೆ. ಬೆಳೆಯುವ ಹುಡುಗ ಎಂದು ಒಳಗೆ ಬಟ್ಟೆ ಬಿಟ್ಟು ಹೊಲಿದಿದ್ದೆ. ಬೆಳೆದದ್ದು ಇದಕ್ಕೆ.

"ಅವತ್ತು ಫೋನ್ ಕಸಕೊಂಡವ ನೀನೇನು?"

"ನಾ ಅಲ್ರಿ ಕಾಕಿ, ಆಯಿ ಆಣಿ. ನಾ ಬರೇ ಕುಂತಿದ್ದೆ."

"ಬರೇ ಕುಂತಿದ್ದಿ. ಸಿಳ್ಳಿ ಯಾರ್ ಹಾಕಿದ್ರು?"

ತಲೆ ತಗ್ಗಿಸಿದ. ಆ ಫೋನು ನಾಳೆಯೊಳಗೆ ಬರಬೇಕು, ಇಲ್ಲದಿದ್ದರೆ ನಿನ್ನ ಹೆಸರನ್ನೇ ದೇವಿದಾಸನಿಗೆ ಹೇಳುತ್ತೇನೆ ಎಂದೆ. ಬಾಟಲಿಯನ್ನು ಅಂಗಿಯೊಳಗೆ ಮುಚ್ಚಿಕೊಂಡು ಮನೆಗೆ ನಡೆದ. ಅಸಹ್ಯವಾಯಿತು. ಮುಖವಿಲ್ಲದ ರಾಕ್ಷಸರು ಎಂದುಕೊಂಡಿದ್ದೆ, ನಮ್ಮ ಓಣಿಯ ಚಡ್ಡಿಯವರೇ.

ಡಿಸೆಂಬರ್ 23, ಮಂಗಳವಾರ

ಫೋನು ಬಾಗಿಲ ಸಂದಿಯಲ್ಲಿತ್ತು. ಗಾಜು ಒಡೆದಿದೆ, ಸಿಮ್ಮಿಲ್ಲ. ವಿಶಾಖಾ ಅದನ್ನು ಬೆರಳ ತುದಿಯಲ್ಲಿ ಹಿಡಿದು ಸಾಬೂನು ಹಚ್ಚಿ ಒರೆಸಿದಳು.

ಡಿಸೆಂಬರ್ 27, ಶನಿವಾರ

ದಿನಾ ಸಂಜೆ ಮೆಟ್ಟಿಲಿನ ಮೇಲೆ ಕೂತು ಒದರಿ ಒದರಿ ಗಂಟಲು ಕೆಟ್ಟಿದೆ. ಇವತ್ತು ದನಿಯೇ ಹೊರಡದೆ ಸುಮ್ಮನಿದ್ದೆ. ಯಾರೋ ಹಾದುಹೋದರು. ಎದುರಿನ ಬಾಗಿಲು ಕಿರ್ ಎಂದು ತೆರೆಯಿತು. ವಜೀರಬಿ ಆಪಾ ಖುರ್ಚಿ ಎಳೆದುಕೊಂಡು ಹೊರಗೇ ಬಂದು ಕೂತಳು.

"ಯಾರದು ರೇ? ನಾಮ್ ಬೋಲ್ಕೆ ಜಾ!"

ಹಾದುಹೋದದ್ದು ಪೇಪರ್ ಹಾಕುವ ಮುದುಕ. ಪಾಪ, ಅಜ್ಜನ ಹೆಸರು ಮುತ್ತಜ್ಜನ ಹೆಸರು ಎಲ್ಲ ಹೇಳಿ ಹೋದ. ಆಪಾಳ ನಗು ಕೇಳಿ ಎಷ್ಟು ವರ್ಷವಾಗಿತ್ತು. ಆದರೆ ಅವಳ ಖುರ್ಚಿ ನನ್ನ ಬಲ್ಬಿನ ಬೆಳಕಿಗೆ ಅಡ್ಡ ಬರುತ್ತದೆ. ನಾಳೆ ಹೇಳಬೇಕು.

ಜನವರಿ 4, ಭಾನುವಾರ

ಕೋಣೆ ನೋಡಲು ವಿಶಾಖಾಳ ಜೊತೆ ಹುಮನಾಬಾದಿಗೆ ಹೋದೆ. ಹುಳುಕು ಹುಡುಕಲೆಂದೇ ಹೋಗಿದ್ದೆ. ಒಂದೂ ಸಿಗಲಿಲ್ಲ, ಅದಕ್ಕೂ ಸಿಟ್ಟು ಬಂತು. ಸ್ವಚ್ಛ ಗೋಡೆ, ಗಟ್ಟಿ ಚಿಲಕ, ಓಣಿಯ ಎಲ್ಲ ಕಂಬಗಳಲ್ಲಿ ದೀಪ. ಮಾಲಕಿ ಚಹಾ ಕೊಟ್ಟಳು. ವಿಶಾಖಾ ನನ್ನ ಮುಖವನ್ನೇ ನೋಡುತ್ತಿದ್ದಳು. ಹಿಡಿ ಎಂದೆ. ಬೇರೆ ಏನು ಹೇಳಲಿ? ಸಂಜೆಗೆ ಫೋನು ಮಾಡಿ ಪಕ್ಕಾ ಮಾಡುತ್ತೇನೆ ಎಂದು ಮಾಲಕಿಗೆ ಹೇಳಿದಳು. ಬಸ್ಸಿನಲ್ಲಿ ಕಿಟಕಿಯ ಜಾಗ ನನಗೇ ಬಿಟ್ಟುಕೊಟ್ಟಳು. ನಾನು ಅಳಲಿಲ್ಲ, ಧೂಳಿಗೆ ಕಣ್ಣು ಉರಿಯುತ್ತಿದ್ದವು.

ಇಳಿಯುವಾಗ ಪೂರ್ತಿ ಕತ್ತಲು. ನಾನು ಊರಲ್ಲಿರದೆ ಬಲ್ಬು ಹಚ್ಚಿರಲಿಲ್ಲ, ಮಂಡಿ ಬಾವಿಯ ಹಾಗೆ ಕಪ್ಪಗಿತ್ತು. ಚೀಲದೊಳಗೆ ಕೈ ಹಾಕಿದರೆ ಕತ್ತರಿ ಇಲ್ಲ. ಯಾವಾಗಿನಿಂದ ಬಿಟ್ಟು ಬರುತ್ತಿದ್ದೇನೋ. ವಿಶಾಖಾಳ ಕೈ ಹಿಡಿದೆ. ಕಟ್ಟೆಯ ಹತ್ತಿರ ಬಂದಾಗ ಕತ್ತಲೊಳಗಿಂದ ಕೂಗು ಬಂತು.

"ಯಾರದು?"

ವಜೀರಬಿ ಆಪಾ. ನಾನು ಬಾಯಿ ತೆರೆಯುವ ಮೊದಲೇ ಮೂಲೆಯಿಂದ ಇನ್ನೊಂದು ದನಿ, ಸೋನುಬಾಯಿಯದು: "ಯಾರದು? ಹೆಸರು ಹೇಳಿ ಹೋಗ್ರಿ!"

"ನಾನು!" ಎಂದು ಒದರಿದೆ. "ಜಿಜಾಬಾಯಿ! ಟೈಲರ್ ಜಿಜಾಬಾಯಿ! ವಿಶಾಖಾನ ಅವ್ವ!"

"ನಿಮ್ದ್ ಗೊತ್ತದ ಬಿಡ್ರಿ, ಇಡೀ ಊರಿಗೇ ಕೇಳ್ಸ್ತು," ಎಂದಳು ಸೋನುಬಾಯಿ. "ಜೋಡಿ ಯಾರು?"

"ನಾನ್ರಿ, ವಿಶಾಖಾ!"

ಅವಳು ನಗುತ್ತಿದ್ದಳು. ನಡೆಯುತ್ತಲೇ ನನ್ನ ಕೈ ಬಿಡಿಸಿಕೊಂಡಳು, ಇನ್ನು ಹಿಡಿಯುವ ಅಗತ್ಯವಿಲ್ಲವೆಂಬಂತೆ. ಮನೆಗೆ ಬಂದು ಚಪ್ಪಲಿ ಬಿಡದೆಯೇ ಹುಮನಾಬಾದಿಗೆ ಫೋನು ಮಾಡಿದಳು. ಕೋಣೆಯನ್ನು ಬೇರೆಯವರಿಗೆ ಕೊಡಿ, ನಾನು ಇಲ್ಲಿಂದಲೇ ಓಡಾಡುತ್ತೇನೆ ಎಂದಳು. ನಾನು ಒಳಗೆ ಹೋಗಿ ಸುಮ್ಮಸುಮ್ಮನೆ ಅಕ್ಕಿ ತೊಳೆದೆ. ಅನ್ನ ಮಧ್ಯಾಹ್ನದ್ದೇ ಇತ್ತು.

ಮಲಗುವ ಮುಂಚೆ ಮೆಟ್ಟಿಲು ನೋಡಿದೆ. ಯಾರೋ ಗುಟಕಾ ಉಗುಳಿದ್ದಾರೆ, ಇನ್ನೂ ಹಸಿ. ಯಾರೋ ಅಂದರೇನು, ಧರ್ಮೇಂದ್ರನೇ. ಹೆಸರು ಹೇಳಿ ಹೋಗಿದ್ದನಂತೆ, ಆಪಾ ಹೇಳಿದಳು. ನಾಳೆ ಬೆಳಿಗ್ಗೆ ಅವನ ಕೈಗೇ ಕೊಡ ಕೊಟ್ಟು ತೊಳೆಸುತ್ತೇನೆ.